ಹಿಟ್ಟಿನ ಮೇಲಿನ ಗೆರೆ

ಇವತ್ತು ಮಾಡಿದ ಕೆಲಸ ಇಷ್ಟು. ಐದಕ್ಕೆ ಎದ್ದು ಬಾಗಿಲು ತೊಳೆದೆ. ನಡುಮನೆ ಒರೆಸಿದೆ. ವಡೆಗೆ ನೆನೆಹಾಕಿದ್ದ ಕಡಲೆಬೇಳೆ ಸೋಸಿಟ್ಟೆ. ಮಟನ್ ತರಲು ನಮ್ಮ ಮನೆಯವರನ್ನು ಯಲಹಂಕಕ್ಕೆ ಕಳಿಸಿದೆ, ಪಿತೃಪಕ್ಷದ ಅಮಾವಾಸ್ಯೆಯ ದಿನ ಅಂಗಡಿಯ ಮುಂದೆ ಆರು ಗಂಟೆಗೇ ಸಾಲು ನಿಂತಿರುತ್ತದೆ. ಮೂರು ತೆಂಗಿನಕಾಯಿ ತುರಿದೆ. ಮಸಾಲೆ ರುಬ್ಬಿದೆ. ಬಾಳೆಎಲೆ ತೊಳೆದು ಒರೆಸಿಟ್ಟೆ. ಒಂದು ಮಾವನಿಗೆ, ಒಂದು ಅತ್ತೆಗೆ. ಮೂರನೆಯದು ಈ ವರ್ಷ ಹೊಸದು, ಅಕ್ಕನಿಗೆ.

ಅಕ್ಕ ಎಂದರೆ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಈ ಬೇಸಿಗೆಯಲ್ಲಿ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಬರೆದರೂ ಅದು ಅವರೇ ಎಂದು ಗುರುತು ಹಿಡಿಯುವವರು ಈ ಪುಟ್ಟೇನಹಳ್ಳಿಯಲ್ಲಿ ಕಡಿಮೆ. ಅವರನ್ನು ಹೆಸರು ಹಿಡಿದು ಕರೆದವರೇ ಇರಲಿಲ್ಲ. ಭಾವ 'ಏಯ್' ಎನ್ನುತ್ತಿದ್ದರು, ಅತ್ತೆ 'ಇವಳೇ' ಎನ್ನುತ್ತಿದ್ದರು, ನಾನು 'ಅಕ್ಕ' ಎನ್ನುತ್ತಿದ್ದೆ.

ನಮ್ಮಲ್ಲಿ ಈ ದಿನ ಹಿರಿಯರಿಗೆ ಎಡೆ ಇಡುತ್ತೇವೆ. ಬದುಕಿದ್ದಾಗ ಅವರಿಗೆ ಏನು ಇಷ್ಟವಿತ್ತೋ ಅದನ್ನು ಅವರವರ ಎಲೆಗೆ ಬಡಿಸಿ, ದೀಪ ಹಚ್ಚಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಆಚೆ ಬಂದು ನಿಲ್ಲುವುದು. ಅವರು ಬಂದು ಉಂಡು ಹೋಗುತ್ತಾರೆ. ಮಾವನ ಎಲೆ ಸುಲಭ. ತಲೆಮಾಂಸ, ಮುದ್ದೆ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಅತ್ತೆಗೆ ಬೋಟಿ ಗೊಜ್ಜು, ಕಜ್ಜಾಯ, ಒಂದು ಎಸಳು ಹೊಗೆಸೊಪ್ಪು. ಅಕ್ಕನ ಎಲೆಗೆ ಏನು ಬಡಿಸಬೇಕೆಂದು ನನಗೆ ಗೊತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಅವರ ಜೊತೆ ಒಂದೇ ಒಲೆಯ ಮುಂದೆ ನಿಂತವಳು ನಾನು. ಹನ್ನೊಂದನೇ ದಿನದ ತಿಥಿಗೆ ಅಡುಗೆಯವರು ಬಂದಿದ್ದರು, ಅವರು ಮಾಡಿದ್ದನ್ನೇ ಇಟ್ಟೆವು, ಯಾರೂ ಏನೂ ಕೇಳಲಿಲ್ಲ. ಇವತ್ತು ಅಡುಗೆ ನನ್ನದು.

ನಿನ್ನೆಯೇ ಭಾವನನ್ನು ಕೇಳಿದೆ. ಅವರಿಗೆ ಕಿವಿ ಮಂದ, ಎರಡು ಸಲ ಕೇಳಬೇಕು. ಯೋಚನೆ ಮಾಡಿ, "ಏನಿಕ್ಕುದ್ರೂ ತಿನ್ನೋಳಮ್ಮ, ಅವ್ಳುದೇನೂ ತಕರಾರಿರ್ಲಿಲ್ಲ" ಎಂದರು. ಅದನ್ನು ಹೊಗಳಿಕೆಯಾಗಿಯೇ ಹೇಳಿದರು. ಅಕ್ಕನ ಮಗಳು ಸುಮಾ ಹೆಬ್ಬಾಳದಿಂದ ಬಂದಿದ್ದಳು. ಅಮ್ಮನಿಗೆ ಕಜ್ಜಾಯ ಎಂದಳು, ಆಮೇಲೆ ಕಜ್ಜಾಯ ತನಗೆ ಇಷ್ಟ ಎಂದು ನೆನಪಾಗಿ ಆ ಮಾತು ಬಿಟ್ಟಳು. ನಮ್ಮ ಮನೆಯವರು ಅತ್ತಿಗೆ ಮಾಡುತ್ತಿದ್ದ ಅಡುಗೆಗಳನ್ನು ಒಂದೊಂದಾಗಿ ಹೇಳತೊಡಗಿದರು. ಮಾಡುತ್ತಿದ್ದದ್ದಲ್ಲ, ತಿನ್ನುತ್ತಿದ್ದದ್ದು ಹೇಳಿ ಎಂದೆ. ಅವರು ನನ್ನ ಮುಖ ನೋಡಿದರು. ಕೊನೆಗೆ ಅಕ್ಕನ ತವರು ಶೆಟ್ಟಿಹಳ್ಳಿಗೆ ಫೋನ್ ಮಾಡಿದೆ. ಅವರ ತಮ್ಮ ಒಳ್ಳೆಯವರು, ಅಕ್ಕನ ಮದುವೆಯಾದಾಗ ತಮಗೆ ಆರು ವರ್ಷ ಎಂದರು, ಆಮೇಲೆ "ಕೋಳಿ ಇಕ್ಬಿಡಿ, ಯಾರ್ಗ್ ಇಷ್ಟ ಇರಾಕಿಲ್ಲ" ಎಂದು ನಕ್ಕರು.

ನಾವು ನೋಡಿಲ್ಲದಿದ್ದರೆ ಅದು ಪೂರ್ತಿ ನಮ್ಮ ತಪ್ಪೂ ಅಲ್ಲ. ಅಕ್ಕ ಉಣ್ಣುತ್ತಿದ್ದದ್ದು ಅಡುಗೆಮನೆಯ ಬಾಗಿಲ ಹಿಂದೆ, ಗೋಡೆಗೆ ಮುಖ ಮಾಡಿ, ಕುಕ್ಕರುಗಾಲಲ್ಲಿ. ಎಲ್ಲರದೂ ಮುಗಿದು, ಪಾತ್ರೆಗೆ ನೀರು ಬಿಟ್ಟಮೇಲೆ. ಹಿಂದಿನಿಂದ ಕಾಣುತ್ತಿದ್ದದ್ದು ಅವರ ಬೆನ್ನು ಮತ್ತು ಮೇಲೆ ಕೆಳಗೆ ಹೋಗುವ ಒಂದು ಮೊಣಕೈ. ಮನೆ ಮೂರು ಮಹಡಿಯಾಗಿ, ಊಟದ ಟೇಬಲ್ ಬಂದು, ಅದಕ್ಕೆ ಆರು ಕುರ್ಚಿ ಬಂದಮೇಲೂ ಅವರು ಬಾಗಿಲ ಹಿಂದೆಯೇ. ಟೇಬಲ್ಲಿನ ಮೇಲೆ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು.

ಒಳ್ಳೆಯವರಾಗಿದ್ದರು ಎಂದು ಬರೆದರೆ ಸುಳ್ಳಾಗುತ್ತದೆ. ನಾನು ತೊಳೆದಿಟ್ಟ ಪಾತ್ರೆಯನ್ನು ನನ್ನೆದುರೇ ತೆಗೆದು ಮತ್ತೆ ತೊಳೆಯುತ್ತಿದ್ದರು, ಒಂದು ಮಾತಾಡದೆ, ಆದರೆ ಸದ್ದು ಮಾಡಿ. ನಾನು ಆರ್.ಟಿ. ನಗರದವಳು. ಬಾಡಿಗೆ ಮನೆ, ಮೇಲಿನ ಮಹಡಿ, ಕೆಳಗೆ ಟೈಲರ್ ಅಂಗಡಿ. ಎರಡು ಬಸ್ಸಿನ ದೂರ ಅಷ್ಟೆ. ಅಕ್ಕನ ಮಟ್ಟಿಗೆ ಅದು ಬೇರೆ ದೇಶ. ಪಕ್ಕದ ಮನೆಯವರ ಹತ್ತಿರ, ನನಗೂ ಕೇಳುವಂತೆ, "ನಮ್ ಸಿಟಿಯೋಳು ಎದ್ದವ್ಳೆ, ಇನ್ನು ಸೂರ್ಯ ಉಟ್ಬೌದು" ಎನ್ನುತ್ತಿದ್ದರು. ಆ ಮನೆಗೆ ಬಂದ ಮೊದಲ ವಾರ, ಎಲ್ಲರೂ ಊಟಕ್ಕೆ ಕೂತಾಗ, "ಇಟ್ಟು ಇಕ್ಕು" ಎಂದರು. ಅವರ ಬಾಯಲ್ಲಿ ಮುದ್ದೆಗೆ ಹಿಟ್ಟು, ಹಿಟ್ಟಿಗೆ ಇಟ್ಟು. ನಾನು ಕೈಯಲ್ಲಿದ್ದ ಪಾತ್ರೆಯನ್ನು ನೆಲದ ಮೇಲೆ ಇಟ್ಟು, ಮುಂದೆ ಏನು ಇಕ್ಕಬೇಕೆಂದು ಕಾಯುತ್ತ ನಿಂತೆ. ಆ ಕತೆಯನ್ನು ಅವರು ಹತ್ತು ವರ್ಷ ಹೇಳಿದರು. ಮೊದಲ ವರ್ಷ ಅತ್ತೆ ನಕ್ಕರು, ಎರಡನೇ ವರ್ಷದಿಂದ ನಾನೂ ನಗುತ್ತಿದ್ದೆ.

ನಗಲಾಗದ ವಿಷಯ ಒಂದಿತ್ತು. ಆಗ ಮನೆಯಲ್ಲಿ ರಾಗಿ ಹಿಟ್ಟನ್ನು ಹದಿನೈದು ಕೆಜಿಯ ಎಣ್ಣೆ ಡಬ್ಬದಲ್ಲಿ ತುಂಬಿಡುತ್ತಿದ್ದರು. ಹೊಲ ಇನ್ನೂ ಇತ್ತು, ರಾಗಿಯೂ ನಮ್ಮದೇ. ಬೆಳಗಿನ ಅಡುಗೆಯಾದ ಮೇಲೆ ಅಕ್ಕ ಡಬ್ಬವನ್ನು ಎರಡು ಸಲ ನೆಲಕ್ಕೆ ಕುಟ್ಟಿ ಹಿಟ್ಟನ್ನು ಮಟ್ಟ ಮಾಡಿ, ತೋರುಬೆರಳಲ್ಲಿ ಈ ಮೂಲೆಯಿಂದ ಆ ಮೂಲೆಗೆ ಒಂದು ಗೆರೆ ಎಳೆದು ಮುಚ್ಚಳ ಹಾಕುತ್ತಿದ್ದರು. ನಡುವೆ ಯಾರಾದರೂ ಕೈ ಹಾಕಿದರೆ ಗೆರೆ ಕೆಡುತ್ತದೆ. ಅದು ಯಾರಿಗಾಗಿ ಎಂದು ಯಾರೂ ಹೇಳಬೇಕಿರಲಿಲ್ಲ. ಅತ್ತೆ ಜಾರಿ ಬಿದ್ದು ಸೊಂಟ ಮುರಿದುಕೊಂಡು ನಡುಮನೆಯ ಮಂಚ ಹಿಡಿದಿದ್ದರು, ಗಂಡಸರು ಅಡುಗೆಮನೆಗೆ ಬರುವುದಿಲ್ಲ, ಸುಮಾಗೆ ಮುಚ್ಚಳ ಎತ್ತುವಷ್ಟು ಬಲವಿಲ್ಲ. ಉಳಿದವಳು ನಾನು.

ಏಳು ತಿಂಗಳ ಬಸುರಿಯಾಗಿದ್ದಾಗ ಒಂದು ಮಧ್ಯಾಹ್ನ ನಾಲ್ಕು ಗಂಟೆಗೆ ಹೊಟ್ಟೆ ಸಂಕಟ ತಡೆಯಲಾಗಲಿಲ್ಲ. ಒಂದು ಹಿಡಿ ಹಿಟ್ಟು ತೆಗೆದು ಅಂಬಲಿ ಕಾಸಿ ಕುಡಿದೆ. ಲೋಟ ತೊಳೆದಿಟ್ಟೆ. ಗೆರೆಯ ನೆನಪೇ ಆಗಲಿಲ್ಲ. ಆ ಸಂಜೆ ಅಪ್ಪ ನನ್ನನ್ನು ಹೆರಿಗೆಗೆ ಕರೆದೊಯ್ಯುವ ದಿನ ಗೊತ್ತು ಮಾಡಲು ಬಂದಿದ್ದರು. ಜಗುಲಿಯಲ್ಲಿ ಕೂತಿದ್ದರು. ಅಕ್ಕ ಡಬ್ಬವನ್ನು ಎತ್ತಿಕೊಂಡು ಬಂದು ಅವರ ಮುಂದೆಯೇ ಇಟ್ಟು ಮುಚ್ಚಳ ತೆಗೆದರು.

"ನಿಮ್ ಮಗ್ಳಿಗೆ ಕೇಳಿ ತಿನ್ನೋದು ಕಲ್ಸಿಲ್ವಾ ಯಜಮಾನ್ರೇ?"

ಅಪ್ಪ ಡಬ್ಬದೊಳಗೆ ನೋಡಿದರು. ಏನು ನೋಡಬೇಕೆಂದು ಅವರಿಗೆ ತಿಳಿದಿರಲಾರದು, ಒಳಗೆ ಹಿಟ್ಟಿತ್ತು ಅಷ್ಟೆ. ನಾನು ತಲೆ ತಗ್ಗಿಸಿ ನಿಂತಿದ್ದೆ. ಅವರು ಚಪ್ಪಲಿ ಮೆಟ್ಟಿ ಹೋದರು. ಮೂರನೇ ದಿನ ಬಂದು ಎರಡು ಕೆಜಿ ರಾಗಿ ಹಿಟ್ಟಿನ ಪೊಟ್ಟಣವನ್ನು ಜಗುಲಿಯ ಮೇಲಿಟ್ಟು, ನೀರು ಕೂಡ ಕುಡಿಯದೆ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿಸಿದರು. ಆಮೇಲೆ ಅವರು ಬದುಕಿದ್ದ ಹನ್ನೊಂದು ವರ್ಷ ನಮ್ಮ ಹೊಸ್ತಿಲು ದಾಟಲಿಲ್ಲ. ಮೊಮ್ಮಗಳನ್ನು ನೋಡಬೇಕೆಂದರೆ ಬಸ್ ಸ್ಟಾಪಿಗೆ ಬಂದು ನಿಲ್ಲುತ್ತಿದ್ದರು, ನಾನು ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದೆ. ಅವರ ಜೇಬಿನಲ್ಲಿ ಬಿಸ್ಕತ್ತು ಇರುತ್ತಿತ್ತು. ನಮ್ಮ ಭೇಟಿ ಮುಂದಿನ ಬಸ್ಸು ಬರುವತನಕ.

ಅದನ್ನು ನಾನು ಅಕ್ಕನಿಗೆ ಕ್ಷಮಿಸಲಿಲ್ಲ. ಜಗಳವನ್ನೂ ಆಡಲಿಲ್ಲ. ಮನೆಯಲ್ಲಿ ಇರಬೇಕಲ್ಲ. ಹೊಲ ಲೇಔಟ್ ಆಯಿತು, ದನ ಮಾರಿದೆವು, ಹಳೇ ಮನೆ ಕೆಡವಿ ಇದನ್ನು ಕಟ್ಟಿದೆವು, ಅತ್ತೆ ಹೋದರು. ಮನೆಯಲ್ಲಿ ಹಿಟ್ಟು ಕದ್ದು ತಿನ್ನುವ ಅಗತ್ಯ ಯಾರಿಗೂ ಉಳಿಯಲಿಲ್ಲ. ಅಂಗಡಿಯಿಂದ ಪ್ಯಾಕೆಟ್ ಹಿಟ್ಟು ಬರತೊಡಗಿತು. ಅಕ್ಕ ಅದನ್ನು ಸ್ಟೀಲ್ ಡಬ್ಬಕ್ಕೆ ಸುರಿದು, ಕುಟ್ಟಿ, ಮಟ್ಟ ಮಾಡಿ, ಗೆರೆ ಎಳೆದೇ ಮುಚ್ಚುತ್ತಿದ್ದರು. ಮುದ್ದೆ ಮಾಡಲು ನಾನು ಮುಚ್ಚಳ ತೆಗೆದಾಗಲೆಲ್ಲ ಆ ಗೆರೆ. ಮೊದಲು ಸೌಟಿನಲ್ಲಿ ಅದನ್ನು ಕೆಡಿಸಿ ಆಮೇಲೆ ಹಿಟ್ಟು ತೆಗೆಯುತ್ತಿದ್ದೆ. ನನ್ನ ಸೇಡು ಅಷ್ಟೇ ಇತ್ತು, ದಿನಕ್ಕೊಂದು ಸಲ.

ಹೋದ ಚಳಿಗಾಲ, ಅವರೆಕಾಯಿ ಕಾಲದಲ್ಲಿ, ನಾವಿಬ್ಬರೂ ಮಹಡಿಯ ಮೇಲೆ ಬಿಸಿಲಿಗೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆವು. ಕೆರೆಯ ಕಡೆಯಿಂದ ದೊಡ್ಡ ಹಕ್ಕಿಗಳು ತಲೆಯ ಮೇಲೆ ಹೋಗುತ್ತಿದ್ದವು. ಅಕ್ಕನ ಕೈ ವೇಗ, ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಪಾತ್ರೆಗೆ ಹಾರಿ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಅವರು ಆ ದಿನ ಏಕೋ ಹಗುರವಾಗಿದ್ದರು. ನಾನು ಧೈರ್ಯ ಮಾಡಿ, ಪ್ಯಾಕೆಟ್ ಹಿಟ್ಟಿಗೂ ಯಾಕೆ ಅಕ್ಕ ಗೆರೆ ಎಂದು ಕೇಳಿಬಿಟ್ಟೆ. ಅವರು ನಕ್ಕರು.

"ಕೈ ತಾನೇ ಎಳೀತದೆ ಕಣೆ. ನಾನೇನ್ ಮಾಡ್ಲಿ." ಇನ್ನೊಂದು ಕಾಳು ಹಿತುಕಿ, "ಅತ್ತೆಮ್ಮ ಗೆರೆ ಎಳೀತಿರ್ಲಿಲ್ಲ. ಅಂಗೈ ಒತ್ತೋರು, ಐದ್ ಬೆಳ್ಳೂ. ಅದೇನ್ ಕೈ ಅಂತೀಯ, ಮೊರದಂಗೆ."

ಅಕ್ಕ ಈ ಮನೆಗೆ ಬಂದಾಗ ಅವರಿಗೆ ಹದಿನಾರು. ಶೆಟ್ಟಿಹಳ್ಳಿಯಲ್ಲಿ ತವರಿನ ಒಲೆಯ ಪಕ್ಕ ಕೂತು ಬೇಕಾದಾಗ ಕೈ ಹಾಕಿ ತಿಂದ ಹುಡುಗಿ. ಇಲ್ಲಿ ಸೊಸೆ ಕಡೆಗೆ ಉಣ್ಣಬೇಕು, ಕಡೆಗೆ ಉಳಿದದ್ದನ್ನು ಉಣ್ಣಬೇಕು. ಕೆಲವು ದಿನ ಉಳಿಯುತ್ತಿರಲಿಲ್ಲ. ಅದನ್ನೆಲ್ಲ ಅವರು ದೂರಿನಂತೆ ಹೇಳಲಿಲ್ಲ, ಬೇರೆ ಯಾರದೋ ತಮಾಷೆಯಂತೆ ಹೇಳಿದರು.

"ಒಂದಿನ ಅಸಿವು ತಡೀನಾರ್ದೆ ಒಂದ್ ಇಡಿ ತಗಂಡೆ. ತಗಂಡು, ಗೊತ್ತಾಗ್ಬಾರ್ದು ಅಂತ ಮೇಲೆ ನನ್ ಕೈ ಒತ್ತಿಟ್ಟೆ. ನೋಡ್ತೀನಿ, ಅವ್ರ ಕೈ ಎಲ್ಲಿ, ನಂದೆಲ್ಲಿ. ನನ್ ಕೈ ಇಷ್ಟೇ ಇಷ್ಟಿತ್ತು ಕಣೆ, ಅಳ್ತೆ ಸಿಕ್ಲಿಲ್ಲ. ದೊಡ್ದಾಗ್ ಕಾಣ್ಲಿ ಅಂತ ಬೆಳ್ಳು ಅಗಲ ಮಾಡಿ ಇನ್ನೊಂದ್ ಸಲ ಒತ್ತಿದೆ. ಬೆಳ್ಳು ಎಂಟಾಯ್ತು." ಅವರಿಗೆ ನಗು ತಡೆಯಲಾಗಲಿಲ್ಲ. "ಎಂಟ್ ಬೆಳ್ಳಿನ್ ಅತ್ತೆ ಯಾರ್ಗವ್ಳೆ ಏಳು."

ನಾನೂ ನಕ್ಕೆ. ಆಮೇಲೆ ಏನಾಯಿತು ಎಂದೆ.

"ಆಮೇಲೇನು. ಮೂರ್ ದಿನ ನಂಗೆ ಇಟ್ಟೇ ಇಲ್ಲ."

ಅವರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು, ನಕ್ಕ ನೀರು. ಕೈಯನ್ನು ಬಿಸಿಲಿಗೆ ಹಿಡಿದು ಒಮ್ಮೆ ನೋಡಿಕೊಂಡರು. ಈಗ ಅದು ದೊಡ್ಡ ಕೈ, ಗೆಣ್ಣು ಊದಿದ ಬೆರಳು. ಮತ್ತೆ ಕಾಳಿಗೆ ಕೈ ಹಾಕಿ, ನನ್ನ ಕಡೆ ನೋಡದೆ ಹೇಳಿದರು.

"ಅದುಕ್ಕೇ ನಿಂಗೆ ನಾನ್ ಕೈ ಒತ್ಲಿಲ್ಲ. ಗೆರೆ ಎಳ್ದೆ. ಗೆರೆ ಆದ್ರೆ ಯಾರ್ ಬೇಕಾದ್ರೂ ಎಳೀಬೌದು. ತಗಂಡು, ತಿರ್ಗಾ ಎಳ್ದು ಮುಚ್ಚೋದಲ್ವಾ? ನೀನೊಳ್ಳೆ ಆರ್.ಟಿ. ನಗರ್ದೋಳು. ಓದ್ದೋಳು ಬೇರೆ. ಅಷ್ಟೂ ತಿಳೀಲಿಲ್ಲ."

ನನ್ನ ಬೆರಳಲ್ಲಿದ್ದ ಕಾಳು ಸಿಪ್ಪೆ ಸಮೇತ ಪಾತ್ರೆಗೆ ಬಿತ್ತು. ಅದು ಅವರ ದಯೆಯಾಗಿತ್ತು. ಅತ್ತೆ ಮಂಚದ ಮೇಲಿಂದ ದಿನಾ ಕೇಳುತ್ತಿದ್ದರು, ಡಬ್ಬಕ್ಕೆ ಗುರುತು ಹಾಕಿದೆಯಾ ಎಂದು. ಹಾಕದೆ ಇರುವ ಧೈರ್ಯ ಅಕ್ಕನಿಗಿರಲಿಲ್ಲ. ಅಂಥ ಮನೆಯಲ್ಲಿ ಅವರಿಗೆ ಕೊಡಲು ಸಾಧ್ಯವಿದ್ದದ್ದು ಕಳ್ಳತನಕ್ಕೆ ಸಲೀಸಾದ ಒಂದು ಗುರುತು. ಅದನ್ನು ಕೊಟ್ಟೂ ಇದ್ದರು. ತೆಗೆದುಕೊಳ್ಳುವ ದಾರಿ ನನಗೆ ತಿಳಿಯಲಿಲ್ಲ. ಆರ್.ಟಿ. ನಗರದ ನಮ್ಮ ಮನೆಯಲ್ಲಿ ಹಿಟ್ಟಿನ ಡಬ್ಬಕ್ಕೆ ಮುಚ್ಚಳವೇ ಸರಿಯಾಗಿ ಕೂರುತ್ತಿರಲಿಲ್ಲ.

ಆದರೆ ಅಪ್ಪ? ಕಳ್ಳಿ ಸಿಕ್ಕಿಬಿದ್ದರೆ ಅವಳಪ್ಪನ ಮುಂದೆ ಡಬ್ಬ ತಂದಿಡಬೇಕೆಂದು ಯಾರು ಹೇಳಿದ್ದರು? ಅತ್ತೆ ಹೇಳಿರಬಹುದು. ಹೇಳದೆಯೂ ಇರಬಹುದು. ಅವತ್ತು ಕೇಳದಿದ್ದರೆ ಇನ್ನು ಕೇಳುವುದಿಲ್ಲ ಎನಿಸಿ, ಅಪ್ಪ ಬಂದಿದ್ದ ದಿನ ಹಾಗೇಕೆ ಮಾಡಿದಿರಿ ಅಕ್ಕ ಎಂದೆ. ಅವರು ಕೈ ನಿಲ್ಲಿಸಿ ನಿಜವಾಗಿ ನೆನಪು ಮಾಡಿಕೊಳ್ಳಲು ನೋಡಿದರು.

"ನಿಮ್ಮಪ್ಪ ಬಂದಿದ್ರಾ? ಯಾವಾಗ? ನಿಮ್ಮಪ್ಪ ಒಳ್ಳೆ ಮನ್ಸ. ಕಾಪಿ ಗೀಪಿ ಕೊಟ್ನಾ ನಾನು?"

ನಾನು ಕಾಳು ಹಿತುಕಿದೆ. ಹೇಳಿದ್ದರೆ ಅವರು ನೊಂದುಕೊಳ್ಳುತ್ತಿದ್ದರೋ, ಮತ್ತೆ ನಗುತ್ತಿದ್ದರೋ ಗೊತ್ತಿಲ್ಲ. ಎರಡೂ ನನಗೆ ಬೇಕಿರಲಿಲ್ಲ. ಇಷ್ಟು ವರ್ಷ ನಾನು ಹೊತ್ತಿದ್ದದ್ದು ಅವರ ಹತ್ತಿರ ಇರಲೇ ಇಲ್ಲ. ಅಪ್ಪನಿಗೆ ಹೋಗಿ, ಆ ಗೆರೆಯ ಅರ್ಥ ಬೇರೆ ಇತ್ತಂತೆ ಎಂದು ಹೇಳಲು ಅಪ್ಪನೂ ಇಲ್ಲ. ಇದ್ದಿದ್ದರೂ ಅವರಿಗೆ ಏನೆಂದು ಬಿಡಿಸಿ ಹೇಳುವುದು.

ಮರುದಿನ ಮುದ್ದೆಗೆ ಮುಚ್ಚಳ ತೆಗೆದಾಗ ಗೆರೆ ಇತ್ತು. ಅದನ್ನು ಕೆಡಿಸಲು ಸೌಟು ಏಳಲಿಲ್ಲ. ಒಂದು ಪಕ್ಕದಿಂದ ಹಿಟ್ಟು ತೆಗೆದೆ. ಆದರೂ ಕೆಟ್ಟಿತು, ಹಿಟ್ಟಲ್ಲವೇ, ಕುಸಿಯುತ್ತದೆ.

ಯುಗಾದಿ ಕಳೆದ ಮೇಲೆ ಅವರಿಗೆ ಊಟ ಸೇರದಾಯಿತು. ಹೊಟ್ಟೆಯಲ್ಲಿ ಗಡ್ಡೆ. ನೋಡಿದ ಡಾಕ್ಟರು ಭಾವನನ್ನು ಬಿಟ್ಟು ನಮ್ಮ ಮನೆಯವರನ್ನು ಒಳಗೆ ಕರೆದು ಮಾತಾಡಿದಾಗಲೇ ನಮಗೆ ತಿಳಿಯಿತು. ಆಸ್ಪತ್ರೆಗೆ ದಿನಾ ಊಟದ ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದವಳು ನಾನು. ಅವರು ಮೂರು ತುತ್ತು ತಿಂದು, ಉಳಿದದ್ದನ್ನು ಸುಮಾಗೆ ಕೊಡು ಎನ್ನುತ್ತಿದ್ದರು. ನಾಳೆ ಏನು ತರಲಿ ಎಂದರೆ, ನೀನೇನು ತಂದರೂ ಸರಿ. ಒಂದು ದಿನ ನಾನು ಬಿಡಲಿಲ್ಲ. ಹಾಗಲ್ಲ ಅಕ್ಕ, ನಿಮಗೆ ಯಾವುದು ಇಷ್ಟ ಹೇಳಿ, ಮಾಡಿಕೊಂಡು ಬರುತ್ತೇನೆ ಎಂದು ಮಂಚದ ಮೇಲೆ ಕೂತೆ.

ಅವರು ಯೋಚಿಸಿದರು. ಬಾಯಿಪಾಠ ಮರೆತ ಮಗುವಿನ ಹಾಗೆ ಕಣ್ಣು ಮೇಲೆ ಮಾಡಿ, ತುಟಿ ಅಲುಗಿಸಿ ಯೋಚಿಸಿದರು. ಆಮೇಲೆ ಮುಖದಲ್ಲಿ ಭಯ ಬಂತು.

"ಗೊತ್ತಿಲ್ಲ ಕಣೆ. ನಿಮ್ ಭಾವಂಗೆ ಏನಿಷ್ಟ ಅಂತ ಕೇಳು, ಏಳ್ತೀನಿ."

ನಾನು ಡಬ್ಬಿ ಮುಚ್ಚಿಕೊಂಡು ಬಂದೆ. ಲಿಫ್ಟಿನಲ್ಲಿ ಅಳು ಬಂತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ತಿಳಿಯಲಿಲ್ಲ. ಅತ್ತೆಯ ಮೇಲೆ ಎಂದರೆ, ಅವರ ಕೈಗೆ ಆ ಅಂಗೈ ಒತ್ತುವುದನ್ನು ಕಲಿಸಿದವರು ಯಾರೋ. ಅವರ ಅತ್ತೆಯ ಫೋಟೋ ಕೂಡ ಈ ಮನೆಯಲ್ಲಿಲ್ಲ.

ಇವತ್ತು ಹನ್ನೊಂದು ಗಂಟೆಗೆ ಅಡುಗೆ ಮುಗಿಯಿತು. ಎಲೆ ಹಾಸುವಾಗ ಇನ್ನೊಂದು ಯೋಚನೆ ಬಂತು. ಗೋಡೆಗೆ ಸಾಲಾಗಿ ಮಾವ, ಅತ್ತೆ, ಅತ್ತೆಯ ಪಕ್ಕ ಅಕ್ಕ ಎಂದು ಸುಮಾ ಹಾಸಿದ್ದಳು. ಅತ್ತೆಯ ಎದುರು ಅಕ್ಕ ಉಣ್ಣುವುದಿಲ್ಲ. ಅಕ್ಕನ ಎಲೆಯನ್ನು ಅಡುಗೆಮನೆಯಲ್ಲಿ, ಬಾಗಿಲ ಹಿಂದೆ ಇಡೋಣವೇ ಎಂದೆ. "ಏನ್ ಚಿಕ್ಕಮ್ಮ ನೀವು" ಎಂದು ಸುಮಾ ಬೇಜಾರು ಮಾಡಿಕೊಂಡಳು, ಸತ್ತಮೇಲೂ ಅಲ್ಲೇ ಕೂರಿಸುತ್ತೀರಾ ಎಂದಳು. ಅವಳು ಹೇಳಿದ್ದೂ ಸರಿ. ಮಾವನ ಎಲೆಯನ್ನು ನಡುವೆ ಸರಿಸಿದೆ. ನನ್ನಿಂದಾದದ್ದು ಅಷ್ಟು.

ಮಾವನಿಗೆ ಅವರದು, ಅತ್ತೆಗೆ ಅವರದು ಬಡಿಸಿದೆ. ಅಕ್ಕನ ಎಲೆಯ ಮುಂದೆ ಸೌಟು ಹಿಡಿದು ನಿಂತೆ. ಭಾವ ಪಕ್ಕದಲ್ಲೇ ಇದ್ದರು, ಆದಷ್ಟೂ ಬೇಗ ಆಗಲಿ ಎಂಬಂತೆ ಪಂಚೆ ಸರಿ ಮಾಡಿಕೊಂಡರು. ಕೊನೆಗೆ ಎಲ್ಲವನ್ನೂ ಬಡಿಸಿದೆ. ಮಟನ್ ಸಾರು, ಕೋಳಿ, ಮುದ್ದೆ, ಅನ್ನ, ವಡೆ, ಕಜ್ಜಾಯ, ಮೊಟ್ಟೆ, ಹೆಸರುಬೇಳೆ ಪಾಯಸ. ಎಲೆ ತುಂಬಿತು. ಒಬ್ಬರಿಗೆ ಬಡಿಸಿದ ಹಾಗೆ ಕಾಣಲಿಲ್ಲ. ಹೊಸ ಸೀರೆ ಇಟ್ಟು, ದೀಪ ಹಚ್ಚಿ, ಗಂಧದಕಡ್ಡಿ ಸಿಕ್ಕಿಸಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಆಚೆ ಬಂದೆವು. ಕೆಳಗಿನ ಬಾಡಿಗೆಯವರ ಟಿವಿ ಕೇಳುತ್ತಿತ್ತು, ನಮ್ಮ ಮನೆಯವರು ಇಳಿದು ಹೋಗಿ ಆರಿಸಲು ಹೇಳಿ ಬಂದರು. ಕಾಲು ಗಂಟೆ ಬಿಟ್ಟು ಭಾವ ಬಾಗಿಲಿಗೆ ಮೂರು ಸಲ ತಟ್ಟಿ ತೆಗೆದರು. ಸುಮಾ ಎಲ್ಲರಿಗಿಂತ ಮುಂದೆ ಹೋಗಿ ಅಮ್ಮನ ಎಲೆಯ ಮೇಲೆ ಬಗ್ಗಿದಳು. ಯಾವುದಾದರೂ ಒಂದು ಅಲುಗಿದೆಯೇನೋ ಎಂದು ನಾನೂ ನೋಡಿದೆ. ಗಂಧದಕಡ್ಡಿಯ ಬೂದಿ ಬಾಗಿ ನಿಂತಿತ್ತು, ಬಿದ್ದಿರಲಿಲ್ಲ.

ಎಡೆಯ ಎಲೆಯನ್ನು ಮನೆಯವರೇ ಉಣ್ಣಬೇಕು. ಮಾವನದನ್ನು ಭಾವ ತೆಗೆದುಕೊಂಡರು, ಅತ್ತೆಯದನ್ನು ನಮ್ಮ ಮನೆಯವರು. ಅಕ್ಕನದನ್ನು ಸುಮಾ ನನ್ನ ಕಡೆ ಸರಿಸಿ, ತಾನು ಬೇರೆ ತಟ್ಟೆಗೆ ಮಟನ್ ಸಾರು, ಅನ್ನ ಹಾಕಿಕೊಂಡಳು. ನಾನು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಉಂಡೆ, ಕೋಳಿ ಎರಡು ತುಂಡು, ಒಂದು ವಡೆ, ಒಂದು ಕಜ್ಜಾಯ, ಆಮೇಲೆ ಪಾಯಸ. ಯಾವುದರಿಂದ ಶುರು ಮಾಡಬೇಕೆಂದು ತಿಳಿಯದೆ ಮೊದಲು ಸ್ವಲ್ಪ ನೀರು ಕುಡಿದೆ. ಎಲೆಯಲ್ಲಿ ಏನೂ ಬಿಡಬಾರದು. ಮೊಟ್ಟೆಯನ್ನೂ ತಿಂದು ಮುಗಿಸಿದೆ.

ಎಂಜಲೆತ್ತಿ, ನೆಲ ಒರೆಸಿ ಬರುವಾಗ ಮಧ್ಯಾಹ್ನ ಎರಡೂವರೆ. ಭಾವ ನಡುಮನೆಯ ದಿವಾನದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ನಿದ್ದೆ ಬಂದಿದೆ ಎಂದುಕೊಂಡು ಫ್ಯಾನ್ ಒಂದು ಸುತ್ತು ಕಡಿಮೆ ಮಾಡಿದೆ. ಅವರು ತಿರುಗದೆಯೇ ಕೇಳಿದರು.

"ಉಂಡ್ಲಾ?"

ಸುಮಾ ಊಟ ಮಾಡಿದಳು ಎಂದೆ, ಸ್ವಲ್ಪ ಜೋರಾಗಿ.

"ಅವ್ಳಲ್ಲಮ್ಮ. ನಿಮ್ಮಕ್ಕ."

ನಲವತ್ತನಾಲ್ಕು ವರ್ಷ ಅವರು ಆ ಹೆಂಗಸಿನ ಕೈಯಲ್ಲಿ ಉಂಡಿದ್ದಾರೆ. ಈ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಇವತ್ತೇ.

"ಉಂಡ್ರು ಭಾವ" ಎಂದೆ.

ಹೂಂ ಎಂದರು. ನಮ್ಮ ಮನೆಯವರು ಇನ್ನೂ ಪೇಪರ್ ಓದುತ್ತಿದ್ದರು, ಸುಮಾ ಫೋನ್ ನೋಡುತ್ತ ಕೂತಿದ್ದಳು. ಮೊದಲು ನಿದ್ದೆ ಹೋದವರು ಭಾವ.